ಒಂದೇ ಪಾತ್ರೆಯ ಭಾನುವಾರ

ಬೊಗಸೆ ಒಡ್ಡುವುದನ್ನು ಬಿಡಿಸುವುದೇ ನನಗೆ ಎಲ್ಲಕ್ಕಿಂತ ಕಷ್ಟದ ಪಾಠವಾಯಿತು. ಹತ್ತು ಆಜ್ಞೆಗಳನ್ನು ನನ್ನ ಹತ್ತಿರ ಪಾಠಕ್ಕೆ ಬರುತ್ತಿದ್ದ ಕೇರಿಯ ಹೆಂಗಸರು ರಾಗಿ ಬೀಸುತ್ತಲೇ ಬಾಯಿಪಾಠ ಮಾಡಿಕೊಂಡರು. ಕರ್ತನ ಪ್ರಾರ್ಥನೆಯನ್ನು ತಮ್ಮದೇ ಒಂದು ಧಾಟಿಯಲ್ಲಿ ಹಾಡಿಕೊಳ್ಳುವುದಕ್ಕೂ ಕಲಿತರು. ಆದರೆ ನೀರಿನ ಲೋಟವನ್ನು ಮುಂದೆ ಹಿಡಿದರೆ ಸಾಕು, ಎರಡೂ ಕೈ ತಾವಾಗಿಯೇ ಕೂಡಿಕೊಂಡು ಬಾಯಿಯ ಕೆಳಗೆ ಬಂದುಬಿಡುತ್ತಿದ್ದವು. ಮೇಲಿನಿಂದ ಯಾರೋ ಸುರಿಯಬೇಕು, ಇವರು ಬಗ್ಗಿ ಕುಡಿಯಬೇಕು. ಹುಟ್ಟಿದಾಗಿನಿಂದ ಕಂಡವರ ಜಗಲಿಯ ಕೆಳಗೆ ನಿಂತು ಹಾಗೆಯೇ ನೀರು ಕುಡಿದಿದ್ದರು.

ಆಗ ನಾನು ಮೈಸೂರಿನ ಒಂದು ಕ್ರೈಸ್ತ ಸಭೆಯಲ್ಲಿ ಉಪದೇಶಿಯಮ್ಮ. ಮನೆಮನೆಗೆ ಹೋಗಿ ಹೆಂಗಸರಿಗೆ ಓದು, ಹಾಡು, ಪ್ರಾರ್ಥನೆ ಕಲಿಸುವುದು, ಬಾಣಂತಿಯರನ್ನೂ ಕಾಯಿಲೆಯವರನ್ನೂ ನೋಡಿಕೊಂಡು ಬರುವುದು, ತಿಂಗಳ ಮೊದಲ ಭಾನುವಾರ ಕರ್ತನ ಭೋಜನಕ್ಕೆ ಮೇಜು ಅಣಿಮಾಡುವುದು, ಇವು ನನ್ನ ಕೆಲಸ. ಕ್ರೈಸ್ತರಲ್ಲದವರಿಗೆ ಒಂದು ಮಾತು ಹೇಳಬೇಕು. ಆ ಭೋಜನವೆಂದರೆ ಹೊಟ್ಟೆ ತುಂಬುವ ಊಟವಲ್ಲ. ದೇವಾಲಯದ ಮುಂಭಾಗದಲ್ಲಿರುವ ಮರದ ಕಟಕಟೆಯ ಮುಂದೆ ಎಲ್ಲರೂ ಸಾಲಾಗಿ ಮೊಣಕಾಲೂರುತ್ತಾರೆ. ಒಂದೇ ರೊಟ್ಟಿಯಿಂದ ಒಂದೊಂದು ಚೂರು, ಒಂದೇ ಪಾತ್ರೆಯಿಂದ ಒಂದೊಂದು ಗುಟುಕು ದ್ರಾಕ್ಷಾರಸ. ಸಭಾಪಾಲಕರಾದ ಅಯ್ಯನವರು ಪಾತ್ರೆಯನ್ನು ಒಬ್ಬರ ತುಟಿಗೆ ಹಿಡಿದು, ಬಿಳಿ ಬಟ್ಟೆಯಲ್ಲಿ ಅಂಚನ್ನು ಒರೆಸಿ, ಒಂದಿಷ್ಟು ತಿರುಗಿಸಿ, ಪಕ್ಕದವರ ತುಟಿಗೆ ಹಿಡಿಯುತ್ತಾರೆ. ನಮ್ಮ ಸಭೆಯ ಪಾತ್ರೆ ಬೆಳ್ಳಿಯದು. ನನ್ನ ಅಜ್ಜಿಯ ಕಾಲದ್ದು.

ಮೇಟಗಳ್ಳಿ ಕಡೆಯ ಒಂದು ಕೇರಿಯಿಂದ ಕೆಲವು ಹೆಂಗಸರು ಸಭೆಗೆ ಸೇರಬೇಕೆಂದು ಬಂದಿದ್ದರು. ಊರಿನ ಪಶ್ಚಿಮಕ್ಕೆ ಆಗ ದೊಡ್ಡ ದೊಡ್ಡ ಕಟ್ಟಡಗಳು ಏಳುತ್ತಿದ್ದವು. ಇವರೆಲ್ಲ ಅಲ್ಲಿ ಗಾರೆ ಹೊರುವವರು. ಕೆಲಸ ಮುಗಿಸಿ ಬಂದು, ಕೈಕಾಲಿನ ಸುಣ್ಣ ತೊಳೆದುಕೊಂಡು, ನನ್ನ ಮುಂದೆ ಚಾಪೆಯ ಮೇಲೆ ಕೂರುತ್ತಿದ್ದರು. ಅವರಿಗೆಲ್ಲ ಹಿರಿಯಳಾದವಳನ್ನು ನಾನು ಗಾರೆಯಮ್ಮ ಎಂದೇ ಕರೆಯುತ್ತಿದ್ದೆ. ಬಾಯಿಯಲ್ಲಿ ಅವಳು ನನಗೇ ಸರಿಸಾಟಿ.

“ಬೊಗಸೆ ತೆಗಿ ಗಾರೆಯಮ್ಮ. ಲೋಟಕ್ಕೆ ಬಾಯಿಡು.”

“ಅಯ್ಯೋ, ಬಾಯಿ ಮಡಗೋದಾ? ಎಂಜ್ಲಾಯ್ತದೆ ಕಣವ್ವ.”

“ಆಗಲಿ. ಆ ಮೇಜಿನ ಹತ್ತಿರ ಎಂಜಲು ಅನ್ನೋದಿಲ್ಲ.”

“ದೊಡ್ಡೋರೂ ಅದ್ರಲ್ಲೇ ಕುಡೀತಾರಾ?”

“ಅದರಲ್ಲೇ. ನಮ್ಮ ಹಿರಿಯರು ಅಮಲ್ದಾರರು ಕುಡಿದಮೇಲೆ ನೀನು, ನೀನು ಕುಡಿದಮೇಲೆ ಇನ್ನೊಬ್ಬರು.”

“ಆಣೆಗೂ?”

“ಆಣೆ ಇಡಬಾರದು ಅಂತ ಮೊನ್ನೆ ತಾನೇ ಕಲಿಸಿದೀನಿ, ಮರೆತುಬುಟ್ಟೆಯಾ?”

ಎಲ್ಲರೂ ನಕ್ಕರು. ಗಾರೆಯಮ್ಮ ನಗಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಕಣ್ಣು ಮುಚ್ಚಿ, ಅಂಚಿಗೆ ತುಟಿಯಿಟ್ಟು ಒಂದು ಗುಟುಕು ಕುಡಿದು, ಪಕ್ಕದವಳಿಗೆ ಕೊಟ್ಟಳು. ನನಗೆ ಅಳು ಬಂತು. ಇವರು ಸಭೆಗೆ ಸೇರುವ ಭಾನುವಾರ ಮೊದಲು ಇವರೇ ಕಟಕಟೆಗೆ ಹೋಗುತ್ತಾರೆ, ಹೊಸಬರಿಗೆ ಮೊದಲ ಸರದಿ ಎಂಬುದು ನಮ್ಮ ಸಭೆಯ ಹಳೆಯ ಪದ್ಧತಿ ಎಂದೂ ಹೇಳಿದೆ. ನಾನು ಕೊಟ್ಟ ಮಾತು ಅದು.

ಅದೇ ಸುಮಾರಿಗೆ ಸಭೆಯ ಒಬ್ಬ ಎಳೆಯ ವಯಸ್ಸಿನ ಮೇಷ್ಟ್ರಿಗೆ ಕ್ಷಯವೆಂದು ತಿಳಿಯಿತು. ಅವರನ್ನು ಕ್ಷಯದ ಆಸ್ಪತ್ರೆಗೆ ಸೇರಿಸಿದರು. ಮುಂದಿನ ಬೆಂಚಿನ ಮನೆತನ ಅವರದು. ನಮ್ಮ ದೇವಾಲಯದಲ್ಲಿ ಮುಂದೆ ಬೆಂಚುಗಳು, ಹಿಂದೆ ಚಾಪೆ. ಯಾವ ಬೆಂಚು ಯಾರದೆಂದು ಎಲ್ಲಿಯೂ ಬರೆದಿರಲಿಲ್ಲ. ಆದರೂ ತಪ್ಪಿಯೂ ಯಾರೂ ಇನ್ನೊಬ್ಬರ ಜಾಗದಲ್ಲಿ ಕೂರುತ್ತಿರಲಿಲ್ಲ. ಮಗನನ್ನು ಆಸ್ಪತ್ರೆಗೆ ಬಿಟ್ಟುಬಂದ ಭಾನುವಾರ ಮೇಷ್ಟ್ರ ತಾಯಿ ಎಂದಿನಂತೆ ತಮ್ಮ ಬೆಂಚಿನಲ್ಲಿ ಕೂತರು. ಅವರ ಎಡಬಲದವರು ಮೆಲ್ಲಗೆ ಸರಿದುಕೊಂಡರು.

ಸರಿದವರನ್ನು ಬಯ್ಯುವ ಬಾಯಿ ನನಗಿರಲಿಲ್ಲ. ನನ್ನ ತಂಗಿ ಹೋದದ್ದು ಅದೇ ಕಾಯಿಲೆಯಲ್ಲಿ. ಅವಳ ತಟ್ಟೆ ಲೋಟ ಬೇರೆಯಿಟ್ಟು, ಬೂದಿ ಹಾಕಿ ಬೇರೆ ತೊಳೆಯುತ್ತಿದ್ದವಳು ನಾನೇ. ಕೆಮ್ಮು ಕೇಳಿದರೆ ಇವತ್ತಿಗೂ ನನ್ನ ಎದೆ ಡವಗುಟ್ಟುತ್ತದೆ. ಹೀಗಾಗಿ ಅಮಲ್ದಾರರು ಮದರಾಸಿನಿಂದ ಪುಟ್ಟ ಗಾಜಿನ ಬಟ್ಟಲುಗಳನ್ನು ತರಿಸಿದಾಗ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವಳು ನಾನು. ಅಮಲ್ದಾರರೆಂದರೆ ನಮ್ಮ ಸಭೆಯ ಮುಖ್ಯ ಹಿರಿಯರು. ಕೆಲಸದಿಂದ ನಿವೃತ್ತರಾಗಿದ್ದರೂ ಆ ಹೆಸರು ಅವರನ್ನು ಬಿಟ್ಟಿರಲಿಲ್ಲ. ಮೆದು ಮಾತಿನವರು. ಒಂದೊಂದು ಬಟ್ಟಲು ಹೆಬ್ಬೆರಳಿನಷ್ಟು. ಹಿಡಿಯಿರುವ ಮರದ ತಟ್ಟೆಯಲ್ಲಿ ತೂತುಗಳು, ಒಂದೊಂದು ತೂತಿಗೆ ಒಂದೊಂದು ಬಟ್ಟಲು. ಒಬ್ಬರ ಬಾಯಿ ಇನ್ನೊಬ್ಬರಿಗೆ ತಾಗುವ ಹಾಗಿಲ್ಲ. ನಾನೇ ಸೀಗೆ ಹಾಕಿ ತೊಳೆದು, ಬೆಳಕಿಗೆ ಹಿಡಿದು, ಒರೆಸಿಟ್ಟೆ.

ಬಟ್ಟಲುಗಳು ಎಲ್ಲರಿಗೂ ಸಾಲುವಷ್ಟಿರಲಿಲ್ಲ. ಕಮಿಟಿಯಲ್ಲಿ ತೀರ್ಮಾನವಾದದ್ದನ್ನು ಅಯ್ಯನವರು ನನಗೆ ದೇವಾಲಯದ ಹಿಂದಿನ ಕೋಣೆಯಲ್ಲಿ ಹೇಳಿದರು.

“ಸದ್ಯಕ್ಕೆ ಬೆಂಚಿನವರಿಗೆ ಗಾಜಿನದು. ಚಾಪೆಯವರಿಗೆ ಬೆಳ್ಳಿ ಪಾತ್ರೆ ಇದ್ದೇ ಇದೆಯಲ್ಲಮ್ಮ. ಮತ್ತೆ ತರಿಸಿದಾಗ ನೋಡೋಣ.”

“ಅಯ್ಯನವರೇ, ಕಾಯಿಲೆ ಬಂದಿರೋದು ಬೆಂಚಿನವರಿಗೆ. ಬೆಂಚು ಯಾವುದು ಚಾಪೆ ಯಾವುದು ಅಂತ ನೋಡ್ಕೊಂಡು ಬರುತ್ತಾ ಅದು?”

“ನೀನು ಹೇಳೋದು ಸರಿ,” ಎಂದರು ಅವರು. “ಆದರೆ ಅಮಲ್ದಾರರ ಕಡೆಯವರು ಮನಸ್ಸು ಕಹಿಮಾಡಿಕೊಂಡಿದಾರೆ. ನಾಲ್ಕು ಮನೆತನ ಎದ್ದುಹೋದರೆ ಈ ಸಭೆ ಉಳಿಯುತ್ತಾ? ಒಂದು ಹೆಜ್ಜೆ ನಾವು ಬಗ್ಗೋಣ. ಸದ್ಯಕ್ಕೆ.”

ಅಯ್ಯನವರು ಕೆಟ್ಟವರಲ್ಲ. ಜಗಳವೆಂದರೆ ಆಗದವರು, ಅಷ್ಟೇ. ಲೋಕದೊಂದಿಗೆ ರಾಜಿಯಾಗಬೇಡಿ ಎಂದು ಅವರು ವರ್ಷಕ್ಕೆ ಎರಡು ಸಲವಾದರೂ ಬೋಧಿಸುತ್ತಿದ್ದರು. ಲೋಕವೆಂದರೆ ಅವರ ಲೆಕ್ಕದಲ್ಲಿ ಕುದುರೆ ರೇಸು, ಸಿನಿಮಾ, ಸಾರಾಯಿ. ನಮ್ಮೆಲ್ಲರ ಲೆಕ್ಕದಲ್ಲೂ ಅಷ್ಟೇ. ಆ ಲೋಕ ಮದರಾಸಿನ ಪೆಟ್ಟಿಗೆಯಲ್ಲಿ ಹುಲ್ಲು ಸುತ್ತಿಕೊಂಡು ಬಂದು ನಮ್ಮ ಮೇಜಿನ ಮೇಲೆಯೇ ಕೂರುತ್ತದೆಂದು ಯಾರಿಗೆ ಗೊತ್ತಿತ್ತು? ನಾನೂ ಆ ಹೊತ್ತಿಗೆ ಒಳಗೊಳಗೇ ಗೊಣಗಿಕೊಂಡು ಸುಮ್ಮನಾದೆ.

ಮೊದಲ ಭಾನುವಾರ ಹಾಗೆಯೇ ನಡೆಯಿತು. ಬೆಂಚಿನವರು ಬಂದು ಗಾಜಿನ ಬಟ್ಟಲು ತೆಗೆದುಕೊಂಡು ಕುಡಿದು ಹೋದರು. ಅಯ್ಯನವರೂ ಗಾಜಿನದರಲ್ಲೇ ಕುಡಿದರು. ಆಮೇಲೆ ಚಾಪೆಯವರಿಗೆ ಬೆಳ್ಳಿ ಪಾತ್ರೆ ಹೊರಟಿತು. ನನ್ನ ಹೆಂಗಸರಿನ್ನೂ ಸಭೆಗೆ ಸೇರಿರಲಿಲ್ಲವಾದ್ದರಿಂದ ಹಿಂದೆ ಗೋಡೆಗೊರಗಿ ಕೂತು ಎಲ್ಲವನ್ನೂ ನೋಡುತ್ತಿದ್ದರು.

ಮುಂದಿನ ಪಾಠದ ದಿನ ಲೋಟ ಮುಂದೆ ಹಿಡಿದೆ. ಗಾರೆಯಮ್ಮ ಎರಡೂ ಕೈ ಕೂಡಿಸಿ ಬೊಗಸೆ ಒಡ್ಡಿದಳು.

“ಏನಿದು? ಕಲ್ತಿದ್ದೆಲ್ಲ ಮರೆತುಬುಟ್ಟೆಯಾ?”

“ಮರ್ತಿಲ್ಲ ಬುಡಿ ಅವ್ವ. ರೂಢಿ ತಪ್ಪದು ಬ್ಯಾಡ ಅಂತ.” ಅವಳ ದನಿಯಲ್ಲಿ ಕೋಪವೇನೂ ಇರಲಿಲ್ಲ. “ಇಲವಾಲದ ರಸ್ತೇಲಿ ಒಂದು ಕಾಫಿ ಓಟ್ಲದೆ. ಅಲ್ಲಿ ನಮ್ಮ ಲೋಟ ಬ್ಯಾರೆ, ಸೂರಿಗೆ ಸಿಗ್ಸಿರ್ತಾರೆ. ನಾವೇ ತಗಂಡು, ನಾವೇ ತೊಳ್ದು, ಮತ್ತೆ ಅಲ್ಲೇ ಸಿಗ್ಸಬೇಕು. ಇಲ್ಲಿ ನಮ್ಗೆ ಬೆಳ್ಳೀದು ಮಡಗಿದೀರಿ. ಅಷ್ಟೇ ಅಲ್ವಾ?”

ಲೋಟವನ್ನು ಕೆಳಗಿಟ್ಟೆ. ಅಜ್ಜಿಯ ಕಾಲದಿಂದ ನಾವು ಕಣ್ಣಿಗೊತ್ತಿಕೊಳ್ಳುತ್ತಿದ್ದ ಪಾತ್ರೆಯನ್ನು ಒಂದೇ ಭಾನುವಾರದಲ್ಲಿ ಸೂರಿನ ಲೋಟ ಮಾಡಿಬಿಟ್ಟಿದ್ದೆವು. ನಾಚಿಕೆಯಿಂದ ನನ್ನ ಮುಖ ಸುಟ್ಟುಹೋದಂತಾಯಿತು. ಆ ದಿನ ಪಾಠ ನಡೆಯಲಿಲ್ಲ. ಹೊರಡುವಾಗ ಗಾರೆಯಮ್ಮನೇ ನನ್ನ ಬೆನ್ನು ಸವರಿ, “ನೀವ್ಯಾಕವ್ವ ಅಳ್ತೀರಿ, ನಾವು ಬತ್ತೀವಿ ಬುಡಿ,” ಎಂದಳು. ಅವರು ಬರುತ್ತಾರೆಂಬುದೇ ನನ್ನ ಹೆದರಿಕೆಯಾಗಿತ್ತು. ಬಂದು, ಬೊಗಸೆಯೊಡ್ಡಿ, ಇಲ್ಲಿಯೂ ಇಷ್ಟೇ ಎಂದುಕೊಂಡು ಬದುಕಿಬಿಡುತ್ತಾರೆ.

ಕಮಿಟಿಯವರು ಮತ್ತೆ ಅಮಲ್ದಾರರ ಮನೆಯಲ್ಲಿ ಸೇರಿದಾಗ ಕರೆಯದಿದ್ದರೂ ಹೋದೆ. ಹೊಸಬರಿಗೆ ಮೊದಲ ಸರದಿ ಎಂಬ ಪದ್ಧತಿಯನ್ನೂ ಬದಲಿಸಿ ಅವರನ್ನು ಕೊನೆಗೆ ಕರೆಯುವುದೆಂಬ ಮಾತು ಅಲ್ಲಿ ನಡೆಯುತ್ತಿತ್ತು. ಗಾಜಿನ ಬಟ್ಟಲಿಗೆ ನಾನು ವಿರೋಧಿಯಲ್ಲ, ನನ್ನ ತಂಗಿಯ ಕಥೆ ನಿಮಗೆ ಗೊತ್ತು ಎಂದೇ ಶುರುಮಾಡಿದೆ.

“ಇಟ್ಟರೆ ಎಲ್ಲರಿಗೂ ಗಾಜಿನದೇ ಇಡಿ. ಸಾಲದಿದ್ದರೆ ಎರಡು ಸರದಿ ಮಾಡೋಣ. ಹಿಂದಿನ ಕೋಣೇಲಿ ನೀರು ಕಾಯಿಸಿಟ್ಟಿರ್ತೀನಿ. ಮೊದಲ ಸರದಿ ಆದಮೇಲೆ ಕುದಿಯೋ ನೀರಲ್ಲಿ ತೊಳೆದು, ಒರೆಸಿ, ಮತ್ತೆ ತುಂಬಿಸಿಕೊಡ್ತೀನಿ. ಒಂದು ಕೀರ್ತನೆ ಹಾಡೋ ಹೊತ್ತು ಸಾಕು.”

“ಅದೇನೋ ಆಗೋ ಮಾತೇ,” ಎಂದು ಅಮಲ್ದಾರರು ತಲೆದೂಗಿದರು. “ಇದು ಬರೀ ಆರೋಗ್ಯದ ವಿಚಾರ ಕಣಮ್ಮ, ಬೇರೇನೂ ಇಲ್ಲ.”

ಕಾಫಿ ತಂದು ಬಾಗಿಲಲ್ಲೇ ನಿಂತಿದ್ದ ಅವರ ಹೆಂಡತಿ ತಟ್ಟನೆ ಕೇಳಿದರು.

“ಏನ್ರೀ ಹೇಳ್ತಿದೀರಿ? ಕೇರಿಯವರು ಬಾಯಿಟ್ಟ ಬಟ್ಟಲಲ್ಲಿ ಮುಂದಿನ ತಿಂಗಳು ನಾವು ಕುಡಿಯೋದಾ?”

“ಕುದಿಯೋ ನೀರಲ್ಲಿ ತೊಳೀತೀನಿ ಅಂದ್ನಲ್ಲಮ್ಮ.”

“ಎಷ್ಟು ತೊಳೆದ್ರೇನು!”

ಅಮಲ್ದಾರರು ನೆಲ ನೋಡಿದರು. ಅಯ್ಯನವರು ಕಿಟಕಿಯ ಕಡೆ ತಿರುಗಿದರು. ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೂ ಆ ಹೆಂಗಸಿನ ಮೇಲೆ ಒಂದು ಬಗೆಯ ಗೌರವವೂ ಹುಟ್ಟಿತು. ಅಷ್ಟು ಜನರಲ್ಲಿ ನಿಜ ಹೇಳಿದವರು ಅವರೊಬ್ಬರೇ. ನನಗಾಗಿ ತಂದ ಕಾಫಿಯನ್ನು ಮುಟ್ಟದೆ ಎದ್ದುಬಂದೆ.

ಮುಂದಿನ ಭೋಜನಕ್ಕೆ ಮುಂಚಿನ ಶನಿವಾರ ಎಂದಿನಂತೆ ಕೆಲಸಕ್ಕೆ ಕೈಹಚ್ಚಿದೆ. ದೇವರಾಜ ಮಾರುಕಟ್ಟೆಯಿಂದ ತಂದ ಕಪ್ಪು ಒಣದ್ರಾಕ್ಷಿಯನ್ನು ತೊಟ್ಟು ಬಿಡಿಸಿ ತೊಳೆದು ಹಿಂದಿನ ದಿನವೇ ನೆನೆಹಾಕಿದ್ದೆ. ಚೆನ್ನಾಗಿ ಹಿಸುಕಿ, ಸಣ್ಣ ಉರಿಯಲ್ಲಿ ಕುದಿಸಬೇಕು. ಉರಿ ಜೋರಾದರೆ ತಳಹಿಡಿದು ಬೆಲ್ಲದ ಪಾಕದ ವಾಸನೆ ಬರುತ್ತದೆ, ಕುದಿ ಕಡಿಮೆಯಾದರೆ ಬೆಳಗಾಗುವಷ್ಟರಲ್ಲಿ ಹುಳಿಯುತ್ತದೆ. ಹಿತ್ತಾಳೆಯ ಪಾತ್ರೆ ತಾಗಿಸುವಂತಿಲ್ಲ, ಕಿಲುಬಿನ ರುಚಿ ಬಂದುಬಿಡುತ್ತದೆ. ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ ಪಿಂಗಾಣಿ ಜಾಡಿಗೆ ತುಂಬಿಸಿ ಆರಲು ಬಿಟ್ಟೆ. ಬೆಳ್ಳಿ ಪಾತ್ರೆಯನ್ನು ವಿಭೂತಿಯಲ್ಲಿ ಉಜ್ಜುತ್ತ ಕೂತಿದ್ದಾಗ ನನ್ನ ಮನಸ್ಸು ಗಟ್ಟಿಯಾಯಿತು. ಸಂಜೆ ಅಯ್ಯನವರು ಬಂದರು.

“ಅಯ್ಯನವರೇ, ನಾಳೆ ನಾನು ಇಡೋದು ಈ ಒಂದು ಪಾತ್ರೆ. ಗಾಜಿನದಕ್ಕೆ ನನ್ನ ಕೈಯಿಂದ ರಸ ತುಂಬೋಲ್ಲ. ಬೇಕಾದರೆ ನೀವೇ ತುಂಬಿಸ್ಕೊಳ್ಳಿ, ಜಾಡಿ ಇಲ್ಲಿದೆ.”

“ಕಮಿಟಿಯವರು ನಿನ್ನನ್ನ ಕೆಲಸದಿಂದ ತೆಗೀತಾರಮ್ಮ. ನನ್ನ ಕೈಲಿ ತಡೆಯೋಕಾಗೋಲ್ಲ.”

“ತೆಗೀಲಿ. ಆ ಹೆಂಗಸರಿಗೆ ಮಾತು ಕೊಟ್ಟಿದೀನಿ. ಸುಳ್ಳಿಯಾಗಿ ಅವರ ಬಾಗಿಲಿಗೆ ಮತ್ತೆ ಹೋಗೋಕೆ ನನ್ನ ಕೈಲೂ ಆಗೋಲ್ಲ.”

“ಸಭೆ ಒಡೆಯಬಾರದು ಅಂತ ನಾನು ಬಗ್ಗಿದೆ ಕಣಮ್ಮ.”

“ಸಭೆ ಆಗಲೇ ಒಡೆದಿದೆ. ಹಿಂದೆ ಚಾಪೆಯಲ್ಲಿ ಕೂರೋರು ಎದ್ದುಹೋಗಿಲ್ಲ, ಅಷ್ಟೇ.”

ಅವರು ಗಾಜಿನ ಬಟ್ಟಲುಗಳ ತಟ್ಟೆಯನ್ನೂ ಜಾಡಿಯನ್ನೂ ಒಂದು ಸಲ ನೋಡಿ, ನನ್ನ ಕೈಯಿಂದ ಬೀಗದ ಕೈ ಇಸಿದುಕೊಂಡರು. ನಾನು ಮನೆಗೆ ಹೋಗಿ ಊಟ ಮಾಡದೆ ಮಲಗಿದೆ.

ಬೆಳಿಗ್ಗೆ ದೇವಾಲಯದೊಳಗೆ ಕಾಲಿಟ್ಟವಳೇ ಮೇಜಿನ ಕಡೆ ನೋಡಿದೆ. ಬಿಳಿ ಬಟ್ಟೆ ಮುಚ್ಚಿದ ಎರಡು ವಸ್ತುಗಳು ಪಕ್ಕಪಕ್ಕದಲ್ಲಿದ್ದವು. ಒಂದು ಎತ್ತರ, ಒಂದು ಅಗಲ. ಅಯ್ಯನವರೇ ತುಂಬಿಸಿದ್ದಾರೆ! ಉಪದೇಶಿಯಮ್ಮನೆಂದು ಮುಂದಿನ ಬೆಂಚಿನ ತುದಿಯಲ್ಲಿ ನನಗೊಂದು ಜಾಗವಿತ್ತು. ಅಲ್ಲಿಗೆ ಹೋಗದೆ ಹಿಂದೆ ಚಾಪೆಯಲ್ಲಿ ಗಾರೆಯಮ್ಮನ ಪಕ್ಕ ಕೂತೆ. ಅವಳು ಒಗೆದ ಸೀರೆಯುಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದಳು. ಬೆರಳ ಸಂದಿಯಲ್ಲಿ ಸುಣ್ಣ ತಿಂದ ಗಾಯಗಳಿಗೂ ಎಣ್ಣೆ ಹಚ್ಚಿಕೊಂಡಿದ್ದಳು.

ಪ್ರಾರ್ಥನೆಗಳಾದವು. ಹೆಂಗಸರನ್ನು ಮುಂದೆ ಕರೆದು ಪ್ರಶ್ನೆ ಕೇಳಿ, ತಲೆಯ ಮೇಲೆ ಕೈಯಿಟ್ಟು ಸಭೆಗೆ ಸೇರಿಸಿಕೊಂಡದ್ದೂ ಆಯಿತು. ಉತ್ತರಗಳನ್ನು ಗಟ್ಟಿಯಾಗಿ ಹೇಳಿದರು. ಆಮೇಲೆ ಅಯ್ಯನವರು ಮೇಜಿನ ಹಿಂದೆ ನಿಂತು ಬಿಳಿ ಬಟ್ಟೆಗೆ ಕೈಹಾಕಿದರು. ಎತ್ತರದ್ದರ ಮೇಲಿನ ಬಟ್ಟೆ ತೆಗೆದು ಮಡಿಸಿಟ್ಟರು. ಅಗಲವಾದದ್ದನ್ನೂ ತೆಗೆದರು. ಅದು ರೊಟ್ಟಿಯ ತಟ್ಟೆ! ಗಾಜಿನ ಬಟ್ಟಲುಗಳು ಮೇಜಿನ ಮೇಲೆ ಇರಲೇ ಇಲ್ಲ. ಅಯ್ಯನವರ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. “ಈವತ್ತು ಸಭೆಗೆ ಸೇರಿದವರು ಮೊದಲು ಬನ್ನಿರಿ,” ಎಂದರು.

ಹೆಂಗಸರು ಕಟಕಟೆಯ ಮುಂದೆ ಮೊಣಕಾಲೂರಿದರು. ಮೊದಲನೆಯವಳು ಗಾರೆಯಮ್ಮ. ರೊಟ್ಟಿ ತಿಂದಳು. ಪಾತ್ರೆ ಅವಳ ಮುಂದೆ ಬಂದಾಗ ಅವಳ ಎರಡು ಕೈಗಳೂ ಮೇಲೆದ್ದು ಬೊಗಸೆಯಾದವು. ಬೇಕೆಂದು ಮಾಡಿದ್ದಲ್ಲ, ಹಳೆಯ ರೂಢಿ. ಅಯ್ಯನವರು ಸುರಿಯಲಿಲ್ಲ, ಬಯ್ಯಲಿಲ್ಲ. ಪಾತ್ರೆ ಹಿಡಿದುಕೊಂಡು, ಸೊಂಟ ಬಗ್ಗಿಸಿ, ಕಾದರು. ದೇವಾಲಯದಲ್ಲಿ ಒಂದು ಕೆಮ್ಮೂ ಕೇಳಲಿಲ್ಲ. ಬೊಗಸೆ ಮೆಲ್ಲಗೆ ಬಿಚ್ಚಿಕೊಂಡಿತು. ಅವಳು ಕೈಗಳನ್ನು ಕಟಕಟೆಯ ಮೇಲಿಟ್ಟು, ಕತ್ತು ಚಾಚಿ, ತುಟಿಯಿಟ್ಟು ಕುಡಿದಳು.

ಆಮೇಲೆ ಬೆಂಚಿನವರ ಸರದಿ. ಅಮಲ್ದಾರರು ಎದ್ದರು. ಮುಂದೆ ಬರುತ್ತಾರೇನೋ ಅಂದುಕೊಂಡೆ. ಅಂಗವಸ್ತ್ರ ಸರಿಮಾಡಿಕೊಂಡು, ಹೆಂಡತಿಯ ಜೊತೆ ಪಕ್ಕದ ಬಾಗಿಲಿನಿಂದ ಹೊರಗೆ ಹೋದರು. ಅವರ ಹಿಂದೆ ಇನ್ನೂ ಕೆಲವರು. ಮಕ್ಕಳ ಬೂಟಿನ ಸದ್ದು ಹೊರಗಿನ ಮೆಟ್ಟಿಲುಗಳ ಮೇಲೆ ಇಳಿದುಹೋಗುವವರೆಗೂ ಅಯ್ಯನವರು ಪಾತ್ರೆ ಹಿಡಿದು ನಿಂತೇ ಇದ್ದರು. ಉಳಿದವರು ಒಬ್ಬರ ಮುಖ ಒಬ್ಬರು ನೋಡುತ್ತ ಕೂತಲ್ಲೇ ಕೂತಿದ್ದರು.

ಮೇಷ್ಟ್ರ ತಾಯಿ ಎದ್ದರು. ಒಬ್ಬರೇ ನಡೆದು ಬಂದು ಕಟಕಟೆಯ ನಡುಮಧ್ಯೆ ಮೊಣಕಾಲೂರಿದರು. ಎಡಗಡೆ ಖಾಲಿ, ಬಲಗಡೆ ಖಾಲಿ. ಅವರು ಅಯ್ಯನವರಿಗೆ ಮೆಲ್ಲಗೆ ಹೇಳಿದ್ದು ಆ ನಿಶ್ಶಬ್ದದಲ್ಲಿ ನನಗೂ ಕೇಳಿಸಿತು.

“ಅಯ್ಯನವರೇ, ನಾನು ಅವನ ಆರೈಕೆ ಮಾಡಿದೋಳು. ನನಗೆ ಕೊಡಬಹುದಾ?”

“ಕುಡೀರಿ ತಾಯಿ.”

ಅವರ ಪಕ್ಕ ಯಾರೂ ಹೋಗಲಿಲ್ಲ. ಹೋಗಬೇಕಾದವಳು ನಾನೆಂದು ನನಗೆ ಗೊತ್ತಿತ್ತು. ಒಂದೇ ಪಾತ್ರೆ ಎಂದು ಬಾಯಿ ಬಡಿದುಕೊಂಡವಳು ನಾನೇ ತಾನೇ? ತಂಗಿಯ ಲೋಟ ಕಣ್ಣ ಮುಂದೆ ಬಂತು, ಅವಳ ಕರವಸ್ತ್ರದ ರಕ್ತವೂ ಬಂತು. ಕೇರಿಯವರ ಜೊತೆ ಕುಡಿಯುವುದಕ್ಕೆ ನನಗೆ ಯಾವತ್ತೂ ಅಂಜಿಕೆಯಿರಲಿಲ್ಲ. ನನಗೆ ಅಂಜಿಕೆಯಿದ್ದದ್ದು ಇಲ್ಲಿ. ಎದ್ದೆ. ಅಷ್ಟು ದೂರ ಹೇಗೆ ನಡೆದೆನೋ ತಿಳಿಯದು. ಮೇಷ್ಟ್ರ ತಾಯಿಯ ಬಲಗಡೆ, ಅವರ ಸೆರಗು ನನಗೆ ತಾಗುವಷ್ಟು ಹತ್ತಿರ ಮೊಣಕಾಲೂರಿದೆ. ಅಯ್ಯನವರು ಪಾತ್ರೆಯನ್ನು ಅವರ ತುಟಿಯಿಂದ ತೆಗೆದು, ಅಂಚು ಒರೆಸಿ, ಒಂದಿಷ್ಟು ತಿರುಗಿಸಿ, ನನಗೆ ಹಿಡಿದರು. ಕುಡಿದೆ. ರಸಕ್ಕೆ ಕುದಿ ಸರಿಯಾಗಿ ಹತ್ತಿತ್ತು. ಹಿಂದೆ ಬೆಂಚುಗಳು ಕಿರುಗುಟ್ಟಿದವು, ಉಳಿದವರು ಒಬ್ಬೊಬ್ಬರಾಗಿ ಏಳುತ್ತಿದ್ದರು.

ಹೋದವರಲ್ಲಿ ಅರ್ಧದಷ್ಟು ಜನ ಮರಳಲಿಲ್ಲ. ಅಯ್ಯನವರಿಗೆ ದೂರದ ಊರಿಗೆ ವರ್ಗವಾಯಿತು. ನನ್ನನ್ನು ಮೇಜಿನ ಕೆಲಸದಿಂದ ಬಿಡಿಸಿದರು, ಕೇರಿಯ ಪಾಠವನ್ನು ಮಾತ್ರ ಕಿತ್ತುಕೊಳ್ಳಲಿಲ್ಲ. ಅವೆಲ್ಲ ಆಮೇಲಿನ ಮಾತು. ಆ ಭಾನುವಾರ ಆರಾಧನೆ ಮುಗಿದಮೇಲೆ ಹಿಂದಿನ ಕೋಣೆಯಲ್ಲಿ ಪಾತ್ರೆ ತೊಳೆಯಲು ನಿಂತಿದ್ದಾಗ ಗಾರೆಯಮ್ಮ ಬಾಗಿಲಲ್ಲಿ ಕಾಣಿಸಿಕೊಂಡಳು.

“ಆ ಅಮ್ಮಾರ ಮಗನಿಗೆ ಎದೆ ಕಾಯ್ಲೆ ಅಲ್ವಾ ಅವ್ವ? ನೀವು ಅವ್ರಾದ ಮ್ಯಾಕೆ ಕುಡುದ್ರಿ.”

“ಹೂಂ, ಕುಡಿದೆ.”

“ಎದರ್ಕೆ ಆಗ್ನಿಲ್ವಾ?”

“ಆಯ್ತು ಕಣವ್ವ. ಇನ್ನೂ ಆಗ್ತಿದೆ.”

ಅವಳು ನನ್ನನ್ನೇ ನೋಡಿದಳು. ಒಳಗೆ ಬಂದು, ಕೇಳದೆಯೇ ನನ್ನ ಕೈಯಿಂದ ಬೆಳ್ಳಿ ಪಾತ್ರೆ ತೆಗೆದುಕೊಂಡಳು. ಅದರ ಮೊದಲ ತೊಳೆದ ನೀರನ್ನು ಚೆಲ್ಲಬಾರದು, ಕುಡಿಯಬೇಕೆಂದು ಪಾಠದಲ್ಲಿ ಹೇಳಿಕೊಟ್ಟಿದ್ದೆ. ಹೂಜಿಯಿಂದ ನೀರು ಬಗ್ಗಿಸಿ, ಪಾತ್ರೆಯನ್ನು ಸುತ್ತ ತಿರುಗಿಸಿ ಗಲಬರಿಸಿ, ಅಂಚಿಗೆ ತುಟಿಯಿಟ್ಟು ಅರ್ಧ ಕುಡಿದಳು. ಉಳಿದರ್ಧವನ್ನು ನನ್ನ ಕಡೆ ಚಾಚಿ, “ತಗಳಿ,” ಎಂದಳು.

ನನ್ನ ಕೈ ಒದ್ದೆಯಾಗಿತ್ತು. ಸೆರಗಿಗೆ ಒರೆಸಿಕೊಂಡು, ಪಾತ್ರೆ ತೆಗೆದುಕೊಂಡು ಕುಡಿದೆ.